ಸೂಟ್‌ಕೇಸ್ ಕಟ್ಟುವ ಹೊತ್ತಿಗೆ ಹಲ್ಲುನೋವು: ಭಯಪಡುವವರಿಗೆ ಅರ್ಧ ಕೆಲಸದ ಲೆಕ್ಕ

ಇವತ್ತಿನ ಉಪನ್ಯಾಸಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಿ. ವಯಸ್ಸು 62, ಸಕ್ಕರೆ ಕಾಯಿಲೆ ಇದೆ, ಬಿ.ಪಿ. ಮಾತ್ರೆ ನಡೆಯುತ್ತಿದೆ. ವಿಮಾನಕ್ಕೆ ಇನ್ನು ಹತ್ತು ದಿನ. ಮಗಳಿಗೆಂದು ಕರಿದ ಚಕ್ಕುಲಿಯ ಹದ ನೋಡುವಾಗ ಕೆಳಗಿನ ದವಡೆ ಹಲ್ಲಿನ ಹಳೇ ಸಿಮೆಂಟ್ ಕಿತ್ತು ಬಂತು. ಅವತ್ತು ರಾತ್ರಿಯಿಂದ ನೋವು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೊನೆಯ ಸಲ ಕೂತದ್ದು ಹದಿನೈದು ವರ್ಷದ ಹಿಂದೆ, ಆ ದಿನದ ನೆನಪು ಮಾತ್ರ ನಿನ್ನೆಯಷ್ಟೇ ಹಸಿ.

ಇಂಥವರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ಮಾತ್ರೆ ನುಂಗಿಕೊಂಡು "ಹೋಗಿ ಬಂದ ಮೇಲೆ ನೋಡೋಣ" ಅನ್ನುತ್ತಾರೆ. ಇಲ್ಲವೇ ಹೊರಡುವ ಹಿಂದಿನ ದಿನ ಬಂದು, "ಕಿತ್ತು ಬಿಸಾಕಿ ಡಾಕ್ಟ್ರೇ, ಒಂದೇ ಸಲ ಮುಗೀಲಿ" ಅನ್ನುತ್ತಾರೆ. ಮೊದಲನೆಯದರಲ್ಲಿ ಹಲ್ಲು ಹದಿನೈದು ಗಂಟೆಯ ಹಾರಾಟದ ನಡುವೆ ಕೈಕೊಡುತ್ತದೆ. ಎರಡನೆಯದರಲ್ಲಿ ಉಳಿಯಬಹುದಾಗಿದ್ದ ಹಲ್ಲು ಹೋಗುವುದಲ್ಲದೆ, ಕಿತ್ತ ಗುಳಿಯ ನೋವು ಅಲ್ಲಿ ಇಳಿಯುವ ಹೊತ್ತಿಗೆ ಶುರುವಾಗಬಹುದು. ಭಯ ಇರುವವರಿಗೆ ಮೂರನೆಯ ದಾರಿಯೊಂದಿದೆ. ಪೂರ್ತಿ ಚಿಕಿತ್ಸೆ ಬೇಡ, ಪ್ರಯಾಣಕ್ಕೆ ಬೇಕಾದಷ್ಟು ಮಾತ್ರ ಮಾಡಿ ಎಂದು ಕೇಳುವುದು. ಎಲ್ಲಿ ಶುರು, ಎಲ್ಲಿ ಮುಗಿತಾಯ ಅನ್ನುವುದು ಮೊದಲೇ ಗೊತ್ತಿರುವ ಅರ್ಧ ಕೆಲಸ.

ಭಯವನ್ನು ಮೊದಲು ಅಳೆಯೋಣ. 1995ರಲ್ಲಿ ಬ್ರಿಟನ್ನಿನಲ್ಲಿ ರೂಪಿಸಿದ ಐದು ಪ್ರಶ್ನೆಗಳ ಅಳತೆಗೋಲು ಇವತ್ತಿಗೂ ಬಳಕೆಯಲ್ಲಿದೆ. ನಾಳೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದರೆ ಹೇಗನ್ನಿಸುತ್ತದೆ? ಹೊರಗೆ ಬೆಂಚಿನಲ್ಲಿ ಸರದಿ ಕಾಯುವಾಗ? ಹಲ್ಲು ಕೊರೆಯುತ್ತಾರೆಂದಾಗ? ಕ್ಲೀನಿಂಗ್ ಎಂದಾಗ? ಮೇಲಿನ ಒಸಡಿಗೆ ಇಂಜೆಕ್ಷನ್ ಎಂದಾಗ? ಒಂದೊಂದಕ್ಕೂ 1ರಿಂದ 5 ಅಂಕ ಹಾಕಿಕೊಳ್ಳಿ. ಏನೂ ಅನ್ನಿಸದಿದ್ದರೆ 1, ತಡೆಯಲಾರದಷ್ಟು ಭಯವಾದರೆ 5. ಒಟ್ಟು 19 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ತೀವ್ರ ಭಯ. ಅಂಥವರಿಗೆ ಯಾರೂ "ಧೈರ್ಯವಾಗಿರಿ" ಎನ್ನಬೇಕಿಲ್ಲ, ಅವರಿಗೆ ಬೇಕಾದದ್ದು ಬೇರೆ ಬಗೆಯ ಏರ್ಪಾಡು. ಒಟ್ಟು ಅಂಕಕ್ಕಿಂತ ಉಪಯುಕ್ತವಾದದ್ದು, ಯಾವ ಪ್ರಶ್ನೆಗೆ 5 ಹಾಕಿದಿರಿ ಅನ್ನುವುದು. ಕಾಯುವುದಕ್ಕೆ 5 ಇದ್ದರೆ ಬೆಳಗಿನ ಮೊದಲ ಸರದಿ ಕೇಳಿ. ಕೊರೆಯುವ ಸದ್ದಿಗೆ 5 ಇದ್ದರೆ ಕಿವಿಗೆ ಇಯರ್‌ಫೋನ್ ಸಾಕು. ಹಲ್ಲು ಕೊರೆಯುವ ಏರೋಟಾರ್ ನಿಮಿಷಕ್ಕೆ 3ರಿಂದ 4 ಲಕ್ಷ ಸುತ್ತು ತಿರುಗುವ ಯಂತ್ರ, ಆ ಕಿರುಗುಟ್ಟುವಿಕೆ ಅದರ ಗಾಳಿಚಕ್ರದ್ದು. ಹಲ್ಲು ಮುಟ್ಟುವ ಮುಂಚೆಯೂ ಅದು ಅಷ್ಟೇ ಕಿರುಚುತ್ತದೆ. ಸದ್ದಿಗೂ ನೋವಿಗೂ ನಂಟಿಲ್ಲ.

ಈಗ ಹಲ್ಲಿಗೆ ಬರೋಣ. ಫೋನಿನಲ್ಲಿ "ಹಲ್ಲುನೋವು" ಎಂದಷ್ಟೇ ಹೇಳಿದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ತಣ್ಣೀರು ಕುಡಿದಾಗ ಜುಮ್ಮೆಂದು, ಎರಡು ಮೂರು ಸೆಕೆಂಡಿಗೆ ಬಿಟ್ಟುಹೋಗುತ್ತದೆಯೇ? ಹಾಗಿದ್ದರೆ ನರ ಇನ್ನೂ ಚೆನ್ನಾಗಿದೆ, ಸಾಮಾನ್ಯವಾಗಿ ಒಂದು ಸಿಮೆಂಟಿನಲ್ಲಿ ಮುಗಿಯುವ ಕೆಲಸ. ಚಳುಕು ಅರ್ಧ ನಿಮಿಷ ಮೀರಿ ನಿಲ್ಲುತ್ತದೆಯೇ, ಏನೂ ತಿನ್ನದೆಯೂ ತಾನಾಗಿ ಏಳುತ್ತದೆಯೇ, ಮಲಗಿದರೆ ಜಾಸ್ತಿಯೇ, ಬಿಸಿ ಕಾಫಿಗೆ ಕೆರಳಿ ತಣ್ಣೀರಿಗೆ ಸಮಾಧಾನವೇ? ಹಾಗಿದ್ದರೆ ನರ ಕೆಟ್ಟಿದೆ, ರೂಟ್ ಕೆನಾಲ್ ಅಥವಾ ಹಲ್ಲು ಕೀಳುವುದೇ ಸಾಮಾನ್ಯವಾದ ದಾರಿ. ಕಚ್ಚಿದರೆ ನೋವು, ಹಲ್ಲು ಎತ್ತರವಾದಂತೆ ಅನ್ನಿಸುವುದು, ಒಸಡಿನಲ್ಲಿ ಗುಳ್ಳೆ, ಇವು ಬೇರಿನ ತುದಿಯಲ್ಲಿ ಕೀವು ಕೂತಿರುವ ಸೂಚನೆ. ಮೇಲಿನ ಸಾಲಿನ ಮೂರು ನಾಲ್ಕು ಹಲ್ಲು ಒಟ್ಟಿಗೆ ಭಾರವೆನಿಸಿ, ಬಗ್ಗಿದಾಗ ನೋವು ಹೆಚ್ಚಾದರೆ ಅದು ಹಲ್ಲಿನದಲ್ಲದೆ, ಮೂಗಿನ ಪಕ್ಕದ ಎಲುಬಿನೊಳಗಿನ ಗಾಳಿಗೂಡಾದ ಸೈನಸ್‌ನದೂ ಆಗಿರಬಹುದು.

ನರ ಕೆಟ್ಟಿದೆ ಎಂದುಕೊಳ್ಳೋಣ. ಇಲ್ಲಿಂದ ಕ್ಯಾಲೆಂಡರ್ ನೋಡಿಕೊಂಡು ನಡೆಯಬೇಕು. ಹತ್ತು ದಿನ ಇದ್ದರೆ ಮೊದಲ ದಿನವೋ ಮರುದಿನವೋ ಹಲ್ಲು ತೆರೆದು, ನರ ತೆಗೆದು, ಬೇರಿನೊಳಗಿನ ಕಾಲುವೆಗಳನ್ನು ತೊಳೆದು, ಒಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್ ಇಟ್ಟು ತಾತ್ಕಾಲಿಕ ಸಿಮೆಂಟಿನಿಂದ ಮುಚ್ಚುತ್ತಾರೆ. ಐದಾರು ದಿನ ಬಿಟ್ಟು ಎರಡನೇ ಸಲ ಕಾಲುವೆ ತುಂಬಿ ಗಟ್ಟಿ ಸಿಮೆಂಟ್ ಹಾಕುತ್ತಾರೆ. ಕ್ಯಾಪ್ ಆಮೇಲೂ ಆದೀತು, ಅಲ್ಲಿಯವರೆಗೆ ಆ ಕಡೆ ಗಟ್ಟಿ ಪದಾರ್ಥ ಕಡಿಯಬಾರದು, ಅಷ್ಟೇ. ನಾಲ್ಕೈದು ದಿನವಷ್ಟೇ ಇದ್ದರೆ ಮೊದಲ ಸಲದ ಕೆಲಸ ಮಾತ್ರ. ಒಂದೆರಡೇ ದಿನ ಉಳಿದಿದ್ದರೆ ಕಾಲುವೆಗಳ ತಂಟೆಗೂ ಹೋಗದೆ, ಹಲ್ಲಿನ ಮೇಲಿನ ಕೋಣೆಯ ನರವನ್ನಷ್ಟೇ ತೆಗೆದು ಔಷಧಿ ಇಟ್ಟು ಮುಚ್ಚಬಹುದು. ಬಿಗಿಯಾದ ಕೋಣೆಯೊಳಗೆ ಊದಿಕೊಂಡ ನರದ ಒತ್ತಡವೇ ನೋವಿನ ಮೂಲವಾದ್ದರಿಂದ, ಅದಷ್ಟನ್ನು ಮಾಡಿದರೂ ಹೆಚ್ಚಿನವರಿಗೆ ಅವತ್ತು ರಾತ್ರಿ ನಿದ್ದೆ ಬರುತ್ತದೆ. ಎದುರು ಹಲ್ಲು ತಾಗದಂತೆ ಮೇಲ್ಮೈಯನ್ನು ಸ್ವಲ್ಪ ತಗ್ಗಿಸಿಕೊಡಿ ಎಂದು ಕೇಳಲು ಮರೆಯಬೇಡಿ. ಚಿಕ್ಕ ಕೆಲಸ, ಆದರೆ ಕಚ್ಚುವ ನೋವು ಇಳಿಯಲು ಅದರಿಂದ ಸಹಾಯ.

ಇಂಥ ತುರ್ತು ಕೆಲಸ ಬಿಟ್ಟರೆ, ಹೊರಡುವ ಮುಂಚಿನ ಮೂರು ದಿನ ಹೊಸದೇನನ್ನೂ ಶುರು ಮಾಡದಿದ್ದರೆ ಒಳ್ಳೆಯದು. ರೂಟ್ ಕೆನಾಲ್ ಆದ ಮೇಲೆ ನೋವು ಕೆರಳುವುದಿದ್ದರೆ ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲೇ ಕೆರಳುತ್ತದೆ. ಹಲ್ಲು ಕಿತ್ತರೆ ಲೆಕ್ಕ ಇನ್ನೂ ಉದ್ದ. ಗುಳಿಯಲ್ಲಿ ಕಟ್ಟಿದ ರಕ್ತದ ಹೆಪ್ಪು ಕಳಚಿ ಎಲುಬು ಬರಿದಾಗುವ ತೊಂದರೆ, ಡ್ರೈ ಸಾಕೆಟ್ ಅನ್ನುವುದು, ಕಾಣಿಸಿಕೊಳ್ಳುವುದು ಎರಡರಿಂದ ನಾಲ್ಕನೇ ದಿನಕ್ಕೆ. ಅಂದರೆ ಸೋಮವಾರ ಕೀಳಿಸಿ ಬುಧವಾರ ವಿಮಾನ ಹತ್ತಿದರೆ ಸರಿಯಾಗಿ ಅದರ ಬಾಯಿಗೇ ಬಿದ್ದಂತೆ. ಕೀಳಿಸಲೇಬೇಕಿದ್ದರೆ ಒಂದು ವಾರ ಅಂತರ ಇಡಿ. ಮೇಲಿನ ದವಡೆ ಹಲ್ಲಿನ ಬೇರು ಸೈನಸ್‌ಗೆ ತಾಗಿಕೊಂಡಿದ್ದು, ಕಿತ್ತಾಗ ನಡುವೆ ತೂತು ಬಿದ್ದರೆ ಸಾಮಾನ್ಯವಾಗಿ ಎರಡು ವಾರ ಮೂಗು ಸೀಟುವಂತಿಲ್ಲ, ವಿಮಾನವೂ ಇಲ್ಲ. ಬುದ್ಧಿಹಲ್ಲಿನ ಮೇಲಿನ ಒಸಡು ಊದಿದ್ದರೆ ಅವಸರದಲ್ಲಿ ಹಲ್ಲು ಕೀಳಿಸದೆ, ಒಸಡಿನ ಅಡಿಯನ್ನು ತೊಳೆಸಿಕೊಂಡು ಹೋಗುವುದೇ ಜಾಣತನ.

ಅರ್ಧ ಕೆಲಸಕ್ಕೆ ಅವಧಿ ಇದೆ ಎನ್ನುವುದೂ ನೆನಪಿರಲಿ. ತಾತ್ಕಾಲಿಕ ಸಿಮೆಂಟ್ ಎರಡು ಮೂರು ವಾರಕ್ಕೆ ಸವೆದು ಒಳಗೆ ಎಂಜಲು ಇಳಿಯಲು ಬಿಡುತ್ತದೆ. ಹದಿನೈದು ದಿನದ ಕಾಶಿಯಾತ್ರೆಗೆ ಅದು ಸಾಕು. ಆರು ತಿಂಗಳ ಬಾಣಂತನಕ್ಕೆ ಸಾಲದು. ಅಂಥವರು ತಾತ್ಕಾಲಿಕ ಸಿಮೆಂಟಿನ ಮೇಲೆ ಗ್ಲಾಸ್ ಅಯಾನಮರ್ ಎಂಬ ಗಟ್ಟಿ ಸಿಮೆಂಟಿನ ಪದರ ಹಾಕಿಸಿಕೊಂಡು ಹೊರಟು, ಉಳಿದರ್ಧವನ್ನು ಅಲ್ಲಿ ಕೆಲವು ವಾರದೊಳಗೆ ಮುಗಿಸಬೇಕು. ಅಮೆರಿಕದ ವಿಶ್ವವಿದ್ಯಾಲಯಗಳ ದಂತ ಕಾಲೇಜುಗಳ ಕ್ಲಿನಿಕ್‌ಗಳಲ್ಲಿ ಖಾಸಗಿಯವರಿಗಿಂತ ಶುಲ್ಕ ಕಡಿಮೆ, ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ. ಪ್ರಯಾಣ ವಿಮೆಯ ಮೇಲೆ ಬಹಳ ಆಸೆ ಇಟ್ಟುಕೊಳ್ಳಬೇಡಿ. ಹೆಚ್ಚಿನ ಪಾಲಿಸಿಗಳು ದಿಢೀರ್ ನೋವು ಇಳಿಸುವಷ್ಟಕ್ಕೆ ಮಾತ್ರ, ಅದೂ ಒಂದು ಮಿತಿಯೊಳಗೆ ಕೊಡುತ್ತವೆ, ಮೊದಲೇ ಇದ್ದ ತೊಂದರೆಯನ್ನು ಹೊರಗಿಡುತ್ತವೆ. ಆ ಸಾಲುಗಳನ್ನು ಹೊರಡುವ ಮುಂಚೆಯೇ ಓದಿ.

ಇಷ್ಟು ಗೊತ್ತಿದ್ದರೆ ಫೋನಿನಲ್ಲಿ ಮಾತಾಡುವುದು ಸುಲಭ. "ನನಗೆ ಹಲ್ಲಿನ ಚಿಕಿತ್ಸೆ ಎಂದರೆ ತುಂಬ ಭಯ. 18ನೇ ತಾರೀಕು ವಿಮಾನ. ಕೆಳಗಿನ ಬಲಗಡೆ ಹಲ್ಲು, ರಾತ್ರಿ ತಾನಾಗಿ ನೋಯುತ್ತದೆ. ಬೆಳಗಿನ ಮೊದಲ ಸರದಿ ಬೇಕು. ಪರೀಕ್ಷೆ, ಎಕ್ಸ್-ರೇ ಆದ ಮೇಲೆ ಏನು ಮಾಡುತ್ತೀರೆಂದು ಹೇಳಿ, ನಾನು ಒಪ್ಪಿದ ಮೇಲೆ ಶುರು ಮಾಡಿ." ಇದರಲ್ಲಿ ನಾಚಿಕೆಪಡುವಂಥದ್ದೇನಿದೆ? ಹದಿನೈದು ವರ್ಷ ಬರಲಿಲ್ಲವೆಂದು ಬೈಯುತ್ತಾರೇನೋ ಎಂಬ ಅಳುಕೇ ಎಷ್ಟೋ ಜನರನ್ನು ಇನ್ನೂ ಐದು ವರ್ಷ ತಡೆಯುತ್ತದೆ. ಬೈದರೆ ಬೇರೆ ಕ್ಲಿನಿಕ್ ನೋಡಿ, ಊರಿನಲ್ಲಿ ಹಲ್ಲಿನ ಡಾಕ್ಟರಿಗೆ ಬರಗಾಲವಿಲ್ಲ.

ಹೋಗುವಾಗ ಹೊಟ್ಟೆ ಖಾಲಿ ಇರಬಾರದು. ಸಕ್ಕರೆ ಕಾಯಿಲೆಯವರು ಎಂದಿನಂತೆ ತಿಂಡಿ ತಿಂದು ಮಾತ್ರೆ ನುಂಗಿಯೇ ಹೋಗಬೇಕು. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ ಸಾಕು. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್ ನಡೆಯುತ್ತಿದ್ದರೆ ಅದನ್ನಂತೂ ಮೊದಲು ಹೇಳಬೇಕು, ಏಕೆಂದರೆ ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯದೆ ಉಳಿಯುವ ಅಪಾಯ ಅಂಥವರಿಗೆ ಇದೆ. ಕುರ್ಚಿಯಲ್ಲಿ ಕೂತ ಮೇಲೆ ಮೊದಲ ಮಾತು ಕೈಸನ್ನೆಯದಾಗಲಿ. ಎಡಗೈ ಎತ್ತಿದರೆ ಯಂತ್ರ ನಿಲ್ಲಬೇಕು. ನೋವೇ ಆಗಬೇಕೆಂದಿಲ್ಲ, ಎಂಜಲು ನುಂಗುವುದಕ್ಕೂ ಎತ್ತಬಹುದು. ಶುರುವಿನಲ್ಲೇ ಒಂದು ಸಲ ಸುಮ್ಮನೆ ಎತ್ತಿ ನೋಡಿ, ನಿಂತದ್ದನ್ನು ಕಂಡರೆ ಮುಂದಿನ ಅರ್ಧ ಗಂಟೆ ಬಹುಶಃ ಎತ್ತುವುದೇ ಇಲ್ಲ.

ಇಂಜೆಕ್ಷನ್ ಬಗ್ಗೆ ಸ್ವಲ್ಪ ನಿಧಾನಿಸೋಣ, ಭಯದ ಬೇರು ಇರುವುದು ಇಲ್ಲೇ. ಮೊದಲು ಒಸಡನ್ನು ಹತ್ತಿಯಿಂದ ಒರೆಸಿ ಒಣಗಿಸಿ, ಮರಗಟ್ಟಿಸುವ ಜೆಲ್ ಹಚ್ಚಿ, ಒಂದೆರಡು ನಿಮಿಷ ಬಿಡಬೇಕು. ಒದ್ದೆ ಒಸಡಿಗೆ ಹಚ್ಚಿ ಹತ್ತು ಸೆಕೆಂಡಿಗೆ ಚುಚ್ಚಿದರೆ ಹಚ್ಚಿದ್ದೂ ಒಂದೇ ಬಿಟ್ಟದ್ದೂ ಒಂದೇ. ಆಮೇಲೆ ಬರುವುದು ಸಾಮಾನ್ಯವಾಗಿ 2 ಪರ್ಸೆಂಟ್ ಲಿಗ್ನೊಕೇನ್ ಎಂಬ ಮರಗಟ್ಟಿಸುವ ಔಷಧಿ, ಜೊತೆಗೆ ಚೂರೇ ಚೂರು ಅಡ್ರಿನಲಿನ್. ನೋವು ಸೂಜಿಯದಕ್ಕಿಂತ ಹೆಚ್ಚಾಗಿ ಔಷಧಿ ರಭಸದಿಂದ ಒಳನುಗ್ಗುವುದರದ್ದು. ಒಂದು ಮಿಲಿ ಲೀಟರಿಗೆ ಒಂದು ನಿಮಿಷದಂತೆ ನಿಧಾನ ಬಿಟ್ಟರೆ ಉರಿ ಬಹಳ ಕಡಿಮೆ. "ದಯವಿಟ್ಟು ನಿಧಾನ ಕೊಡಿ" ಎಂದು ಕೇಳುವುದು ನಿಮ್ಮ ಹಕ್ಕು. ಕೊಟ್ಟ ಮೇಲೆ ಎದೆ ಢವಢವ ಎಂದರೆ ಅದು ಅಡ್ರಿನಲಿನ್ನಿನ ಕೆಲಸ, ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಅದನ್ನೇ "ನನಗೆ ಆ ಇಂಜೆಕ್ಷನ್ ಅಲರ್ಜಿ" ಎಂದು ತಪ್ಪಾಗಿ ತಿಳಿದು ಜೀವನಪೂರ್ತಿ ಹಲ್ಲಿನಿಂದ ದೂರ ಉಳಿದವರಿದ್ದಾರೆ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಯಾರೂ ಹೇಳಿರುವುದಿಲ್ಲ. ಉರಿಯುತ್ತಿರುವ ಕೆಳದವಡೆಯ ಹಲ್ಲು ಒಂದೇ ಇಂಜೆಕ್ಷನ್ನಿಗೆ ಮರಗಟ್ಟದಿರುವುದು ಸಾಮಾನ್ಯ. ಉರಿಯೂತದ ಜಾಗದಲ್ಲಿ ಆಮ್ಲತೆ ಹೆಚ್ಚಿರುವುದರಿಂದ ಔಷಧಿ ನರದೊಳಗೆ ಸರಿಯಾಗಿ ಇಳಿಯುವುದಿಲ್ಲ, ನರವೂ ಕೆರಳಿ ಕೂತಿರುತ್ತದೆ. ತುಟಿ ದಪ್ಪಗಾಯಿತು ಎಂದರೆ ಹಲ್ಲೂ ಮರಗಟ್ಟಿತು ಎಂದಲ್ಲ. ಎಷ್ಟೋ ಜನರ ಹಳೆಯ ಕೆಟ್ಟ ನೆನಪು ಹುಟ್ಟಿರುವುದು ಈ ಅಂತರದಲ್ಲಿ: ತುಟಿ ಮರಗಟ್ಟಿದೆ ಎಂದು ಕೊರೆದರು, ಹಲ್ಲು ಮರಗಟ್ಟಿರಲಿಲ್ಲ. ಹತ್ತು ಹದಿನೈದು ನಿಮಿಷ ಕಾದು, ಕೊರೆಯುವ ಮುಂಚೆ ಆ ಹಲ್ಲಿಗೆ ಐಸ್ ಅಥವಾ ತಣ್ಣನೆಯ ಸ್ಪ್ರೇ ತಾಗಿಸಿ ನೋಡಿ ಎಂದು ಕೇಳಿ. ಚುರುಕ್ಕೆಂದರೆ ಇನ್ನೂ ಆಗಿಲ್ಲ. ಆಗ ಹಲ್ಲಿಗೂ ಎಲುಬಿಗೂ ನಡುವಿನ ಸಂದಿಯಲ್ಲಿ, ಅಥವಾ ಕೆನ್ನೆಯ ಕಡೆಯ ಒಸಡಿನಲ್ಲಿ ಆರ್ಟಿಕೇನ್ ಎಂಬ ಇನ್ನೊಂದು ಮರಗಟ್ಟಿಸುವ ಔಷಧಿಯಿಂದ ಇನ್ನೊಂದು ಕೊಡಲು ಬರುತ್ತದೆ. ಐಬುಪ್ರೊಫೆನ್ ಆಗಿಬರುವವರಿಗೆ ಒಂದು ಗಂಟೆ ಮುಂಚೆ ಡಾಕ್ಟರು ಅದನ್ನು ಕೊಟ್ಟರೆ ಇಂಜೆಕ್ಷನ್ ಹಿಡಿಯುವ ಸಾಧ್ಯತೆ ಹೆಚ್ಚುತ್ತದೆ.

ಭಯದಲ್ಲಿ ಎರಡು ಜಾತಿ, ಮದ್ದೂ ಬೇರೆ ಬೇರೆ. ಎದೆ ಹೊಡೆದುಕೊಂಡು ಉಸಿರು ಮೇಲೆ ಮೇಲೆ ಬರುವವರು ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ಬಿಡಬೇಕು. ಹೊರಬಿಡುವುದು ಉದ್ದ ಇರಬೇಕು, ಗುಟ್ಟು ಅದೇ. ಸೂಜಿ ಅಥವಾ ರಕ್ತ ಕಂಡರೆ ಬೆವರಿ, ಕಣ್ಣು ಕತ್ತಲೆ ಬಂದು ಬೀಳುವವರಿಗೆ ಇದು ತಿರುಗುಮುರುಗಾಗುತ್ತದೆ. ಅವರಲ್ಲಿ ಬಿ.ಪಿ. ಕುಸಿಯುತ್ತಿರುತ್ತದೆ, ಮೈ ಸಡಿಲ ಬಿಟ್ಟರೆ ಇನ್ನೂ ಕುಸಿಯುತ್ತದೆ. ಸ್ವೀಡನ್ನಿನ ಮನಃಶಾಸ್ತ್ರಜ್ಞ ಲಾರ್ಸ್ ಯೋರಾನ್ ಊಸ್ಟ್ 1980ರ ದಶಕದಲ್ಲಿ ಬೆಳೆಸಿದ ಉಪಾಯ ಅವರಿಗೆ ಸರಿಹೊಂದುತ್ತದೆ. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು, ಮುಖ ಬಿಸಿಯೇರುವವರೆಗೆ ಬಿಗಿಹಿಡಿಯುವುದು. 20ರಿಂದ 30 ಸೆಕೆಂಡು ಬಿಡುವುದು. ಹೀಗೆ ಐದು ಸಲ. ಹತ್ತು ದಿನ ಇರುವವರು ಇದನ್ನು ಮನೆಯಲ್ಲೇ ದಿನಕ್ಕೆರಡು ಸಲ ಅಭ್ಯಾಸ ಮಾಡಿಕೊಳ್ಳಬಹುದು, ಚಕ್ಕುಲಿ ಒತ್ತುವಾಗ ಅದು ತಾನಾಗಿಯೂ ಆಗುತ್ತಿರುತ್ತದೆ!

ಇದಾವುದೂ ಸಾಲದಿದ್ದರೆ ಕೆಲವು ಕ್ಲಿನಿಕ್‌ಗಳಲ್ಲಿ ಭಯ ಇಳಿಸುವ ನೈಟ್ರಸ್ ಆಕ್ಸೈಡ್ ಗಾಳಿ ಇದೆ. ಮೂಗಿಗೆ ಮುಖವಾಡ ಹಾಕಿ ಕೊಡುತ್ತಾರೆ, ಎಚ್ಚರ ಇರುತ್ತದೆ, ಕೊನೆಯಲ್ಲಿ ಐದು ನಿಮಿಷ ಆಮ್ಲಜನಕ ಕೊಟ್ಟರೆ ಅಮಲು ಇಳಿಯುತ್ತದೆ. ಮೂಗು ಕಟ್ಟಿದವರಿಗೆ ಆಗದು. ಅಲ್ಪ್ರಾಜೋಲಾಂನಂಥ ಭಯ ತಗ್ಗಿಸುವ ಮಾತ್ರೆಗಳನ್ನು ಡಾಕ್ಟರು ಬರೆದುಕೊಟ್ಟರೆ ಮಾತ್ರ, ಜೊತೆಗೊಬ್ಬರು ಇದ್ದಾಗ ಮಾತ್ರ ತೆಗೆದುಕೊಳ್ಳಬೇಕು. ವಯಸ್ಸಾದವರು ಅವುಗಳ ಮಂಪರಿನಲ್ಲಿ ಜಾರಿಬಿದ್ದು ಸೊಂಟ ಮುರಿದುಕೊಂಡರೆ ಹಲ್ಲಿನ ಮಾತು ಮರೆತೇಹೋಗುತ್ತದೆ.

ಮೆಡಿಕಲ್ ಸ್ಟೋರಿನ ಕಡೆ ಹೋಗೋಣ. ನರದ ಉರಿಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಅಮೆರಿಕದ ದಂತವೈದ್ಯ ಸಂಘ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಊತ, ಜ್ವರ ಇದ್ದಾಗ ಅದು ಬೇಕಾಗಬಹುದು, ಆಗಲೂ ಕೀವು ಹೊರಗೆ ಹೋಗಲು ದಾರಿ ಮಾಡಿಕೊಡಬೇಕು. ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ಸೇರಿದರೆ ಒಳ್ಳೆಯ ಜೋಡಿ, ಆದರೆ ನಮ್ಮ ಉದಾಹರಣೆಯ ತಾಯಿಗೆ ಬಿ.ಪಿ. ಮತ್ತು ಸಕ್ಕರೆ ಎರಡೂ ಇರುವುದರಿಂದ ಐಬುಪ್ರೊಫೆನ್ ಮೂತ್ರಪಿಂಡಕ್ಕೆ ಭಾರ. ಅವರಿಗೆ ಪ್ಯಾರಾಸಿಟಮಾಲ್ ಒಂದೇ, 24 ಗಂಟೆಯಲ್ಲಿ 3 ಗ್ರಾಂ ಮೀರದಂತೆ. ಡೋಲೊ 650 ಲೆಕ್ಕದಲ್ಲಿ ನಾಲ್ಕು ಮಾತ್ರೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೆನ್ ಜೊತೆಗೆ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ ಎಂಬುದನ್ನು ಮರೆತು ಮೇಲೊಂದು ಡೋಲೊ ನುಂಗುವವರು ಬಹಳ. ಕೆಟೊರೋಲಾಕ್ ಮಾತ್ರೆ ಹಲ್ಲುನೋವಿಗೆ ಜನಪ್ರಿಯ, ಅದು ಐದು ದಿನ ಮೀರಬಾರದು, ಬೇರೆ ನೋವಿನ ಮಾತ್ರೆಯ ಜೊತೆಗೂ ಸೇರಬಾರದು. ದುಬೈ, ಅಬುಧಾಬಿ ಕಡೆ ಹೋಗುವವರು ಅಲ್ಟ್ರಾಸೆಟ್ ಎಂಬ ನೋವಿನ ಮಾತ್ರೆ ಇಟ್ಟುಕೊಂಡು ಹೋಗಬೇಡಿ. ಅದರಲ್ಲಿರುವ ಟ್ರಮಡಾಲ್ ಅಲ್ಲಿ ನಿಯಂತ್ರಿತ ಔಷಧಿ, ಮೊದಲೇ ಅನುಮತಿ ಇಲ್ಲದೆ ಒಯ್ಯುವಂತಿಲ್ಲ. ಲವಂಗದ ಎಣ್ಣೆಯನ್ನು ಹತ್ತಿಯ ತುದಿಗೆ ಮಾತ್ರ ಹಚ್ಚಿ, ತೂತಿನೊಳಗಷ್ಟೇ ಇಡಿ, ಒಸಡಿಗೆ ತಾಗಿದರೆ ಸುಡುತ್ತದೆ. ಕಡ್ಡಿಪುಡಿ, ಹೊಗೆಸೊಪ್ಪು ಒತ್ತಿಕೊಳ್ಳುವುದು ಬೇಡವೇ ಬೇಡ.

ವಿಮಾನದಲ್ಲಿ ಹಲ್ಲು ಏಕೆ ನೋಯುತ್ತದೆ? ಎರಡನೇ ಮಹಾಯುದ್ಧದ ಪೈಲಟ್‌ಗಳ ಕಾಲದಿಂದ ಇದು ದಾಖಲಾಗಿದೆ. ಕ್ಯಾಬಿನ್ನಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ತೆಳು. ಬೆಂಗಳೂರು ಮೊದಲೇ 3,000 ಅಡಿಯಲ್ಲಿರುವುದರಿಂದ ಇಲ್ಲಿ ಹತ್ತಿದವರ ಹಲ್ಲಿನೊಳಗೆ ಸಿಕ್ಕಿಬಿದ್ದ ಗಾಳಿ ಹೆಚ್ಚೆಂದರೆ ಐದನೇ ಒಂದು ಭಾಗ ಹಿಗ್ಗುತ್ತದೆ, ಮಂಗಳೂರಿನಲ್ಲಿ ಹತ್ತಿದವರದ್ದು ಸುಮಾರು ಮೂರನೇ ಒಂದು ಭಾಗ. ಚೆನ್ನಾಗಿರುವ ಹಲ್ಲಿಗೆ ಏನೂ ಆಗದು. ಉರಿಯುವ ನರ, ಬೇರಿನ ಕೀವು, ಸಡಿಲ ಸಿಮೆಂಟಿನ ಅಡಿಯ ಸಂದಿ, ಇವು ನೋಯುತ್ತವೆ. ನರದ ನೋವು ಹೆಚ್ಚಾಗಿ ವಿಮಾನ ಏರುವಾಗ, ಸೈನಸ್ಸಿನದು ಇಳಿಯುವಾಗ. ಕೇದಾರನಾಥ 3,583 ಮೀಟರ್, ಅಂದರೆ ಅಲ್ಲಿನ ಗಾಳಿ ವಿಮಾನದೊಳಗಿನದಕ್ಕಿಂತಲೂ ತೆಳು. ಕಾಲ್ನಡಿಗೆಯ ಯಾತ್ರೆಗೆ ಈ ಚಿಂತೆ ಇಲ್ಲ ಎಂದುಕೊಳ್ಳಬೇಡಿ.

ಕೈಚೀಲದಲ್ಲಿ ಇಷ್ಟಿರಲಿ: ಮೆತ್ತನೆ ಬ್ರಷ್, ಚಿಕ್ಕ ಕನ್ನಡಿ, ಹತ್ತಿ, ಸ್ಟ್ರಿಪ್ಪಿನಿಂದ ಬಿಡಿಸದ ಮಾತ್ರೆಗಳು, ಡಾಕ್ಟರ ಚೀಟಿ, ಎಕ್ಸ್-ರೇ ಮೊಬೈಲಿನಲ್ಲಿ, ಯಾವ ಹಲ್ಲಿಗೆ ಯಾವ ದಿನ ಏನು ಮಾಡಿದರು ಎಂಬ ನಾಲ್ಕು ಸಾಲು ಇಂಗ್ಲಿಷಿನಲ್ಲಿ. ಔಷಧದಂಗಡಿಯಲ್ಲಿ ಸಿಗುವ ತಾತ್ಕಾಲಿಕ ಸಿಮೆಂಟಿನ ಪುಟ್ಟ ಡಬ್ಬಿ ಸಿಕ್ಕರೆ ಅದೂ ಇರಲಿ. ಕಳಚಿದ ಕ್ಯಾಪನ್ನು ಫೆವಿಕ್ವಿಕ್‌ನಿಂದ ಅಂಟಿಸುವ ಸಾಹಸ ಬೇಡ, ಒಸಡು ಸುಡುತ್ತದೆ, ಆಮೇಲೆ ಆ ಕ್ಯಾಪ್ ಸರಿಯಾಗಿ ಕೂರುವುದೂ ಇಲ್ಲ.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಟ್ಟಿದೆ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿಗೆ ತೊಂದರೆಯಂತೆ, ನಿಜವೇ?

ಇಲ್ಲ. ಮೇಲಿನ ಹಲ್ಲುಗಳಿಗೆ ಬರುವುದು ಮುಖದ ಸ್ಪರ್ಶದ ನರದ ಎರಡನೇ ಕವಲು. ದೃಷ್ಟಿಯ ನರವೇ ಬೇರೆ. ವಯಸ್ಸಾದಾಗ ಹಲ್ಲೂ ಹೋಗುತ್ತದೆ, ಪೊರೆಯೂ ಬರುತ್ತದೆ. ಎರಡೂ ಒಂದೇ ಕಾಲಕ್ಕೆ ಬಂದದ್ದರಿಂದ ಹುಟ್ಟಿದ ನಂಬಿಕೆ ಇದು. ಕೀವು ಬಿಟ್ಟುಕೊಂಡು ಕೂತರೆ ಅದು ಕಣ್ಣಿನ ಸುತ್ತ ಹರಡಬಹುದು, ಹೆದರಬೇಕಾದದ್ದು ಅದಕ್ಕೆ.

ಎಕ್ಸ್-ರೇ ತುಂಡು ಬಾಯಲ್ಲಿಟ್ಟರೆ ವಾಂತಿ ಬರುತ್ತದೆ, ಏನು ಮಾಡಲಿ?

ನಾಲಿಗೆಯ ತುದಿಗೆ ಚಿಟಿಕೆ ಉಪ್ಪು ಹಾಕಿಕೊಳ್ಳಿ, ಒಂದು ಕಾಲನ್ನು ಕುರ್ಚಿಯಿಂದ ಅರ್ಧ ಅಡಿ ಎತ್ತಿ ಹಿಡಿಯಿರಿ, ಉಸಿರು ಮೂಗಿನಿಂದಲೇ ಆಡಲಿ. ಗಮನ ಕಾಲಿನ ಕಡೆ ಹೋದ ಆ ಐದು ಸೆಕೆಂಡಿನಲ್ಲಿ ಕೆಲಸ ಮುಗಿದಿರುತ್ತದೆ. ರೂಟ್ ಕೆನಾಲ್‌ಗೆ ಹಾಕುವ ರಬ್ಬರ್ ಹಾಳೆಗೂ ಮೂಗಿನ ಉಸಿರೇ ಬೇಕು. ಶೀತ ಇದ್ದರೆ ಮೊದಲೇ ಹೇಳಿ.

ಏರ್‌ಪೋರ್ಟಿನಲ್ಲಿ ಕೂತಾಗ ನೋವು ಎದ್ದರೆ?

ಮೊದಲು ಬಾಯಿ ತೆರೆದು ಎರಡು ಬೆರಳು ಒಂದರ ಮೇಲೊಂದಾಗಿ ತೂರುತ್ತದೆಯೇ ನೋಡಿ, ಎಂಜಲು ನುಂಗಿ ನೋಡಿ, ಗಲ್ಲದ ಕೆಳಗೆ ಮುಟ್ಟಿ ನೋಡಿ. ಬರೀ ನೋವಾದರೆ ಪ್ಯಾರಾಸಿಟಮಾಲ್ ನುಂಗಿ, ತಣ್ಣೀರು ಆಗಿಬಂದರೆ ಗುಟುಕು ಗುಟುಕಾಗಿ ಬಾಯಲ್ಲಿಟ್ಟುಕೊಂಡು ಹೊರಡಬಹುದು. ವಿಮಾನದಲ್ಲಿ ಐಸ್ ಕೇಳಿದರೆ ಕೊಡುತ್ತಾರೆ. ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ. ಗಲ್ಲದ ಕೆಳಗೆ, ಕುತ್ತಿಗೆಯ ಕಡೆಗೆ ಊತ ಇಳಿದಿದ್ದರೆ, ನಾಲಿಗೆ ಮೇಲಕ್ಕೆದ್ದಂತಿದ್ದರೆ, ಜ್ವರ ಇದ್ದರೆ, ನುಂಗಲು ಕಷ್ಟವಾದರೆ, ಬಾಯಿ ತೆರೆಯದಿದ್ದರೆ ಹತ್ತಬೇಡಿ. ಅಂಥ ಊತ ಕೆಲವೇ ಗಂಟೆಗಳಲ್ಲಿ ಉಸಿರಿನ ದಾರಿ ಮುಚ್ಚಬಹುದು. ಕೌಂಟರಿನಲ್ಲಿ ತಿಳಿಸಿ, ಏರ್‌ಪೋರ್ಟಿನ ವೈದ್ಯರಿಗೆ ತೋರಿಸಿ, ಅಲ್ಲಿಂದ ನೇರವಾಗಿ ದೊಡ್ಡಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ವೈದ್ಯರ ಚೀಟಿಯನ್ನು ಆಗಲೇ ಕೇಳಿ ಇಟ್ಟುಕೊಳ್ಳಿ, ಟಿಕೆಟಿನ ದಿನಾಂಕ ಬದಲಿಸುವಾಗ ಅದನ್ನೇ ಕೇಳುತ್ತಾರೆ.